ಗುರುವಾರ ಸಾಯಬೇಕಿದ್ದ ಅಜ್ಜಿ

ಸುಟ್ಟ ಗೆಣಸಿನ ಸಿಪ್ಪೆ ಸುಲಿಯುತ್ತಾ ನಮ್ಮಜ್ಜಿ ಒಂದು ಬೆಳಿಗ್ಗೆ, "ಬರೋ ಗುರುವಾರ ನಾನು ಸಾಯ್ತೀನಿ" ಅಂದಳು. ಆಮೇಲೆ ಗೆಣಸನ್ನು ಉಪ್ಪಿಗೆ ಅದ್ದಿ ಬಾಯಿಗಿಟ್ಟುಕೊಂಡಳು.

ಬೇರೆ ಯಾರಾದರೂ ಹೀಗೆ ಅಂದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆವು. ಆದರೆ ಅಜ್ಜಿಯ ಮಾತು ಸುಳ್ಳಾದದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಯಾವ ಮರದಲ್ಲಿ ಜೇನು ಕಟ್ಟುತ್ತದೆ, ಯಾರ ಹೊಟ್ಟೆಯಲ್ಲಿ ಹೆಣ್ಣಿದೆ, ಎಲ್ಲವನ್ನೂ ಅವಳು ಹೀಗೇ ಏನಾದರೂ ತಿನ್ನುತ್ತಾ ಹೇಳಿದವಳು. ರೇಡಿಯೋದವರು ಬಿರುಗಾಳಿ ಬರುತ್ತದೆ ಅಂದರೆ ನಾವು ಮೊದಲು ಅಜ್ಜಿಯ ಮುಖ ನೋಡುತ್ತಿದ್ದೆವು. ಅವಳು ಹೂಂ ಅಂದಮೇಲೆ ಮಾಡಿನ ಮೇಲೆ ಕಲ್ಲು ಹೇರುತ್ತಿದ್ದೆವು.

ಪೊನ್ಸಿಂಗ್ ಮಾವನ ಕೈಯಿಂದ ಕಾಫಿ ಲೋಟ ಜಾರಿತು. ಅವನು ಅಜ್ಜಿಯ ಮಗ, ನಮ್ಮ ಹನ್ನೊಂದು ಮನೆಗಳಿಗೆ ಯಜಮಾನ.

"ಗುರುವಾರ ಬೇಡ ಕಣವ್ವ!" ಅಂದ. "ಸೋಮವಾರ ಆಫೀಸರು ಬತ್ತಾವ್ರೆ."

ಅಳುವ ಬದಲು ಮಗ ತಾರೀಖು ಚರ್ಚೆಗೆ ನಿಂತಿದ್ದನ್ನು ಕಂಡು ನಿಮಗೆ ಸಿಟ್ಟು ಬರಬಹುದು. ನನಗೂ ಬಂತು. ಆದರೆ ಅವನು ಹೇಳಿದ್ದು ಸುಳ್ಳಲ್ಲ. ನಾವು ದುಮಗಾತ್ ಎಂಬ ಬುಡಕಟ್ಟಿನ ಜನ, ಸಾವಾದ ಜಾಗದಲ್ಲಿ ನಿಲ್ಲುವುದಿಲ್ಲ. ಯಾರಾದರೂ ತೀರಿಕೊಂಡರೆ ಮಣ್ಣು ಮಾಡಿ, ಒಲೆ ಆರಿಸಿ, ಅವತ್ತೇ ಎಲ್ಲರೂ ಗಂಟು ಕಟ್ಟುತ್ತೇವೆ. ಹೋದವರ ಹೆಸರನ್ನು ಆಮೇಲೆ ಯಾರೂ ಎತ್ತುವುದಿಲ್ಲ. ಹೆಸರು ಕಿವಿಗೆ ಬಿದ್ದರೆ ಹೋಗುತ್ತಿದ್ದವರು ಅರ್ಧದಾರಿಯಿಂದ ತಿರುಗಿ ಬಂದು, ಕೇಳಿಸಿಕೊಂಡವರ ಪಕ್ಕದಲ್ಲೇ ಕೂತುಬಿಡುತ್ತಾರೆ.

ಹನ್ನೆರಡು ವರ್ಷದ ಹಿಂದೆ ತಾತ ತೀರಿಕೊಂಡಾಗ ನಾವು ಹೀಗೇ ಹೊಳೆಯ ಕೆಳದಂಡೆ ಬಿಟ್ಟು ಬಂದೆವು. ಮೂರು ದಿನ ಕಳೆದು ಒಬ್ಬ ಆಫೀಸರು ಅಲ್ಲಿಗೆ ಹೋಗಿ, ಖಾಲಿ ಗುಡಿಸಲುಗಳನ್ನು ನೋಡಿ, "ಇಲ್ಲಿ ಯಾರೂ ವಾಸವಿಲ್ಲ" ಎಂದು ಬರೆದುಕೊಂಡು ಹೋದ. ಈಗ ಅಲ್ಲೊಂದು ರೆಸಾರ್ಟ್ ಇದೆ. ಮುಳ್ಳುತಂತಿ, ಈಜುಕೊಳ, ಬಂದೂಕು ಹಿಡಿದ ಒಬ್ಬ ಕಾವಲುಗಾರ. ಪಕ್ಕದಲ್ಲೇ ಅಷ್ಟು ದೊಡ್ಡ ಹೊಳೆ ಹರಿಯುತ್ತಿರುವಾಗ ಅವರು ಈಜುವುದಕ್ಕೆ ಗುಂಡಿ ಯಾಕೆ ತೋಡಿದರೋ, ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಈಗಿನ ಈ ಮೇಲುದಂಡೆಗೂ ಅದೇ ರೆಸಾರ್ಟಿನವರು ಅರ್ಜಿ ಹಾಕಿದ್ದರು. ನೆಲ ನಮ್ಮದೆಂದು ಕಾಗದವಾಗಬೇಕಾದರೆ ಆಫೀಸರು ಬಂದ ದಿನ ಹನ್ನೊಂದು ಮನೆಯಲ್ಲೂ ಹೊಗೆಯಾಡುತ್ತಿರಬೇಕು. ಅಜ್ಜಿ ಗುರುವಾರ ಸತ್ತರೆ ಶುಕ್ರವಾರಕ್ಕೆ ಇಲ್ಲಿ ನಾಯಿಯೂ ಇರುವುದಿಲ್ಲ.

"ಹೊಳೆಯಾಚೆ ಒಂದು ಗುಡಿಸಲು ಹಾಕಿಕೊಡ್ತೀನಿ ಕಣವ್ವ. ಚೆನ್ನಾಗಿ ಹಾಕ್ತೀನಿ. ಅಲ್ಲಿ..." ಮಾವನಿಗೆ ಮಾತು ಮುಗಿಸಲಾಗಲಿಲ್ಲ.

"ಅಲ್ಲಿ ಹೋಗಿ ಸಾಯ್ಲಾ?" ಅಂದಳು ಅಜ್ಜಿ. "ನಿನ್ನ ಹೆರುವಾಗ ಹೊಳೆಯಾಚೆ ಹೋಗಿ ಹೆತ್ತು ಬಾ ಅಂತ ನನಗೆ ಯಾರಾದ್ರೂ ಹೇಳಿದ್ರೇನ್ಲಾ? ನನ್ನ ಒಲೆ ಮುಂದೆ ಹೆತ್ತೆ, ನನ್ನ ಒಲೆ ಮುಂದೇ ಸಾಯೋದು."

ಅಜ್ಜಿ ಇನ್ನೊಂದು ಗೆಣಸನ್ನು ಬೂದಿಯಿಂದ ಕೆದಕಿ ತೆಗೆದು ಊದಿದಳು.

"ಸೋಮವಾರದ ತನಕ ತಡ್ಕೊಂತೀನಿ. ಆದ್ರೆ ಬಿಟ್ಟಿ ಅಲ್ಲ. ಒಂದು ಡಬ್ಬ ಮೀನು ಬೇಕು, ಟೊಮೇಟೊ ಗೊಜ್ಜಿಂದು. ಒಂದು ಕೆಂಪು ಬಟ್ಟೆ ಬೇಕು, ಹೊಸದು. ಯಾರೋ ಉಟ್ಟು ದಾನ ಕೊಟ್ಟಿದ್ದನ್ನ ತಂದೀಯ, ಬುಧವಾರವೇ ಹೋಗ್ತೀನಿ ನೋಡು."

ಮಾವ ಬೆತ್ತದ ಹೊರೆ ಹೊತ್ತು ಪೇಟೆಗಿಳಿದು, ಅದನ್ನು ಕೊಟ್ಟು ಎರಡನ್ನೂ ತಂದ. ಹೋಗಿ ಬರಲು ಮೂರು ದಿನ. ಗುರುವಾರ ಅಜ್ಜಿ ಕೆಂಪು ಬಟ್ಟೆ ಉಟ್ಟು, ಡಬ್ಬದ ಮೀನು ತಿಂದು, ಅದರ ಗೊಜ್ಜನ್ನು ಬೆರಳಲ್ಲಿ ಬಳಿದು ನೆಕ್ಕಿ, ಸಾಯದೆ ಮಲಗಿದಳು.

ಸೋಮವಾರ ಹನ್ನೊಂದು ಮನೆಯಲ್ಲೂ ಹೊಗೆ ಎಬ್ಬಿಸಿದೆವು. ಹಸಿ ಸೌದೆ ಹಾಕಿ ಹಾಕಿ ಕಣ್ಣೆಲ್ಲ ಕೆಂಪಾಯಿತು. ಆಫೀಸರು ಬರಲಿಲ್ಲ. ಮಧ್ಯಾಹ್ನ ಮಾವ ಸಿಗ್ನಲ್ ಸಿಗುವ ಗುಡ್ಡ ಹತ್ತಿ, ಫೋನನ್ನು ಬಿದಿರುಗಳಕ್ಕೆ ಕಟ್ಟಿ ಎತ್ತಿ ಹಿಡಿದಾಗ ಒಂದು ಸಂದೇಶ ಬಿತ್ತು. ಬುಡಕಟ್ಟು ಜನರನ್ನು ಅರ್ಥ ಮಾಡಿಕೊಳ್ಳುವುದು ಹೇಗೆ ಎಂಬ ಬಗ್ಗೆ ಹೋಟೆಲೊಂದರಲ್ಲಿ ಐದು ದಿನದ ಶಿಬಿರವಿದೆಯಂತೆ, ಮುಂದಿನ ಸೋಮವಾರ ಬರುತ್ತಾರಂತೆ.

ಅಜ್ಜಿ ಬಂಡೆಯ ಹೆಜ್ಜೇನು ಕೇಳಿದಳು. ಜೇನಿನ ಕಾಲ ಇನ್ನೂ ಬಂದಿರಲಿಲ್ಲ. ಇಬ್ಬರು ಬಳ್ಳಿ ಹಿಡಿದು ಬಂಡೆಗಿಳಿದು, ಮುಖ ಊದಿಸಿಕೊಂಡು, ಅಂಗೈಯಗಲದ ಹುಟ್ಟು ತಂದರು. ಅವಳು ರುಚಿ ನೋಡಿ, "ಇನ್ನೂ ಹುಳಿ ಇದೆ. ಆದ್ರೂ ಒಂದು ವಾರಕ್ಕೆ ಸಾಕು" ಅಂದಳು.

ಎರಡನೆಯ ಸೋಮವಾರ ಸೇತುವೆ ಕೊಚ್ಚಿಹೋಯಿತಂತೆ. ಮೂರನೆಯ ಸೋಮವಾರಕ್ಕೆ ಅಜ್ಜಿಯ ಬೇಡಿಕೆ ಮಾವನ ಮೇಲೆ ಬಿತ್ತು.

"ಇಪ್ಪತ್ತು ವರ್ಷದ ಹಿಂದೆ ಕಾಡುಹಂದಿ ನಾಲಿಗೆ ನನಗೆ ಅಂತ ಎತ್ತಿಟ್ಟಿದ್ದೆ. ನಾಯಿ ತಿಂತು ಅಂದೆ ನೀನು. ನಾನು ಆ ನಾಯಿಗೆ ಹೊಡೆದೆ. ನಿಜ ಹೇಳು."

"ನಾನೇ ತಿಂದೆ" ಅಂದ ಮಾವ.

"ನನಗೆ ಯಾಕೆ ಹೇಳ್ತೀಯಾ? ಹೊಡೆತ ತಿಂದಿದ್ದು ನಾನಾ?"

ಆ ನಾಯಿ ಸತ್ತು ಯಾವ ಕಾಲವಾಯಿತೋ. ಅದರ ಮೊಮ್ಮಗಳೋ ಮರಿಮಗಳೋ ಆದ ಒಂದು ಕಂದು ಹೆಣ್ಣುನಾಯಿ ಇತ್ತು. ಹನ್ನೊಂದು ಮನೆಯವರ ಎದುರಿಗೆ, ಚುನಾವಣೆಯಲ್ಲಿ ಸೋತ ಯಾರದೋ ಮುಖವಿದ್ದ ಅಂಗಿ ತೊಟ್ಟುಕೊಂಡು, ನಮ್ಮ ಯಜಮಾನ ಅದರ ಮುಂದೆ ಮಂಡಿಯೂರಿ ತಪ್ಪಾಯಿತು ಅಂದ. ನಾಯಿ ಆಕಳಿಸಿತು. ಅಜ್ಜಿ ನಕ್ಕೂ ನಕ್ಕೂ ಕೆಮ್ಮಿದಳು. ಆ ಕೆಮ್ಮು ಸಂಜೆಯವರೆಗೂ ನಿಲ್ಲಲಿಲ್ಲ.

ಮೂರನೆಯ ಸೋಮವಾರವೂ ಆಫೀಸರು ಬರಲಿಲ್ಲ. ನಾಲ್ಕನೆಯ ಸಲ ಅವರ ಜೀಪನ್ನು ಯಾವುದೋ ಮೆರವಣಿಗೆಗೆ ಕೊಂಡೊಯ್ದಿದ್ದರಂತೆ. ಸುದ್ದಿ ಹೇಳಲು ಮಾವನಿಗೆ ಮುಖವಿರಲಿಲ್ಲ, ನನ್ನನ್ನು ಕಳಿಸಿದ. ಅಜ್ಜಿ ಚಾಪೆಯ ಮೇಲೆ ಹೊಳೆಯ ಕಡೆ ತಿರುಗಿ ಮಲಗಿದ್ದಳು. ಅಷ್ಟು ಹೊತ್ತಿಗೆ ಅವಳು ಗೆಣಸು ತಿನ್ನುವುದನ್ನೂ ಬಿಟ್ಟಿದ್ದಳು.

"ಇನ್ನೊಂದು ವಾರ ಅಂತೆ ಅಜ್ಜಿ. ಏನು ತರ್ಲಿ?"

"ಏನೂ ಬೇಡ ತಾಲಿಂಗ್. ಕೈ ಹಿಡ್ಕೊ."

ಹಿಡಿದುಕೊಂಡೆ. ಒಣಗಿದ ಬೆತ್ತದ ಸಿಪ್ಪೆಯಷ್ಟೇ ಹಗುರವಾಗಿತ್ತು.

"ಸಾಯೋದೇನು ಕಷ್ಟ ಅಲ್ಲ ಕಣೆ. ನಿದ್ದೆ ಬಂದಂಗೆ ಬತ್ತದೆ. ನಿದ್ದೆ ಬಂದಾಗ ಎದ್ದು ಕೂರೋದು ಕಷ್ಟ" ಅಂದಳು.

ನನಗೆ ನಾಚಿಕೆಯಾಯಿತು. ಅತ್ತೂ ಬಿಟ್ಟೆ. ಎಲ್ಲೋ ಜೀಪಿಲ್ಲದೆ ಕೂತಿರುವ ಒಬ್ಬ ಮನುಷ್ಯನಿಗೋಸ್ಕರ, ಹೊರಟುನಿಂತ ಮುದುಕಿಯ ಸೆರಗು ಹಿಡಿದು ನಾವು ಜಗ್ಗುತ್ತಿದ್ದೆವು. ನನ್ನನ್ನು ಸಾಕಿದವಳು ಅವಳೇ. ನನ್ನ ಅಮ್ಮ ಅಜ್ಜಿಯ ಮಗಳು. ನನಗೆ ಎರಡು ವರ್ಷವಿದ್ದಾಗ ಅವಳಿಗೆ ಜ್ವರ ಬಂದು, ಬಟ್ಟೆಯ ಜೋಲಿಯಲ್ಲಿ ಆಸ್ಪತ್ರೆಗೆ ಹೊತ್ತುಕೊಂಡು ಹೋಗುವಾಗ ಎರಡನೆಯ ದಿನ ದಾರಿಯಲ್ಲೇ ಹೋದಳಂತೆ. ಅಲ್ಲೇ ಮಣ್ಣು ಮಾಡಿದರು. ಅವತ್ತಿನಿಂದ ಆ ದಾರಿಯನ್ನೇ ಬಿಟ್ಟು ನಾವು ಅರ್ಧ ದಿನ ಸುತ್ತಿ ಪೇಟೆಗೆ ಹೋಗುತ್ತೇವೆ. ಅವಳ ಹೆಸರು ನನಗೆ ಗೊತ್ತಿರಲಿಲ್ಲ. ಕೇಳುವ ಹಾಗಿಲ್ಲ, ಹೇಳುವ ಹಾಗೂ ಇಲ್ಲ. ಸಣ್ಣವಳಿದ್ದಾಗ ಕಾಡಿನಲ್ಲಿ ಒಬ್ಬಳೇ ಇದ್ದಾಗ ನನಗೆ ಗೊತ್ತಿದ್ದ ಎಲ್ಲ ಹೆಸರುಗಳನ್ನೂ ಒಂದೊಂದಾಗಿ ಕೂಗುತ್ತಿದ್ದೆ, ಯಾವುದಕ್ಕಾದರೂ ಓಗೊಡುತ್ತಾಳೇನೋ ಎಂದು.

ಐದನೆಯ ಸೋಮವಾರ ಆಫೀಸರು ಬಂದೇಬಿಟ್ಟರು.

ಬಾಲ್ಬುವೆನಾ ಎಂದು ಹೆಸರು. ಮೊಣಕಾಲುದ್ದದ ಬೂಟು, ಹಳದಿ ಛತ್ರಿ, ಪ್ಲಾಸ್ಟಿಕ್ ಚೀಲದಲ್ಲಿ ಇಪ್ಪತ್ತೆರಡು ಪ್ರಶ್ನೆಗಳ ಫಾರಂ. ಹೊಳೆ ದಾಟುವಾಗ ಎರಡು ಸಲ ಬಿದ್ದರಂತೆ. ಆದರೂ ಫಾರಂ ಒದ್ದೆಯಾಗಿರಲಿಲ್ಲ. ಕೆಟ್ಟ ಮನುಷ್ಯನಲ್ಲ. ಹೊಗೆ ಎಣಿಸಿದರು, ಹನ್ನೊಂದು. ಮನೆ ಎಣಿಸಿದರು, ಹನ್ನೊಂದು. ನಕ್ಷೆಯ ಮೇಲೆ ಆ ಹನ್ನೊಂದು ಮನೆಗಳ ಸುತ್ತ ಪೆನ್ಸಿಲಿನಲ್ಲಿ ಸಣ್ಣದೊಂದು ಸುತ್ತು ಎಳೆದರು.

ಒಂಬತ್ತನೆಯ ಪ್ರಶ್ನೆ ಉಡುಪು. ಅವರು ಮಾವನ ಅಂಗಿಯನ್ನೇ ನೋಡಿದರು.

"ನಿಮ್ಮ ಸಾಂಪ್ರದಾಯಿಕ ಉಡುಪು ಇಲ್ವಾ ಯಜಮಾನ್ರೇ? ಲಂಗೋಟಿ?"

"ಒಳಗಡೆ ಅದೆ ಸ್ವಾಮಿ. ತೋರಿಸ್ಲಾ?"

"ಬೇಡ ಬೇಡ" ಎಂದು ಬೇಗ ಗುರುತು ಹಾಕಿಕೊಂಡರು.

ಹದಿನಾಲ್ಕನೆಯ ಪ್ರಶ್ನೆಗೆ ಬಂದಾಗ ಎಲ್ಲ ನಿಂತುಹೋಯಿತು.

"ಪೂರ್ವಜರ ಸಮಾಧಿ ಎಲ್ಲಿವೆ? ಹೆಸರು, ಜಾಗ ಎರಡೂ ಬೇಕು. ಕನಿಷ್ಠ ಮೂರು."

ಮಾವ ಹೊಳೆಯ ಕಡೆ ನೋಡಿದ. ಉಳಿದವರು ಮಾವನ ಕಡೆ ನೋಡಿದೆವು.

"ಜಾಗ ಬಿಟ್ಟು ಬರ್ತೀವಿ ಸ್ವಾಮಿ. ಹೆಸರೂ ಬಿಟ್ಟುಬಿಡ್ತೀವಿ."

"ಸಮಾಧಿ ಇಲ್ದಿದ್ರೆ ಪೂರ್ವಜರು ಇದ್ರು ಅಂತ ಹೇಗೆ ಬರೀಲಿ? ಪೂರ್ವಜರು ಇಲ್ದಿದ್ರೆ ನೆಲ ನಿಮ್ಮದು ಅಂತ ಹೇಗೆ ಬರೀಲಿ?"

"ಪೂರ್ವಜರಿಲ್ದೆ ನಾವೆಲ್ಲ ಎಲ್ಲಿಂದ ಬಂದ್ವಿ ಸ್ವಾಮಿ, ಬೆಂಡೆಕಾಯಿ ಬೆಳೆದಂಗೆ ಬೆಳೆದ್ವಾ?"

"ಅದು ಫಾರಂನಲ್ಲಿ ಇಲ್ಲ" ಅಂದರು ಬಾಲ್ಬುವೆನಾ ಸಾರ್. ನಿಜವಾಗಿ ಬೇಜಾರು ಮಾಡಿಕೊಂಡೇ ಅಂದರು. "ಇದನ್ನ ಖಾಲಿ ಬಿಟ್ರೆ ಅರ್ಜಿ ವಜಾ ಆಗುತ್ತೆ. ನಾನು ಏನೂ ಮಾಡೋಕಾಗಲ್ಲ."

ಐದು ವಾರ ಅಜ್ಜಿಯನ್ನು ತಡೆದು ನಿಲ್ಲಿಸಿದ್ದು ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು ಎಂದುಕೊಂಡೆ. ಆಗ ಒಳಗಿನಿಂದ ಅಜ್ಜಿಯ ದನಿ ಬಂತು.

"ಆ ಬೂಟಿನವನನ್ನ ಒಳಗೆ ಕರೀರಿ. ನೀವೂ ಎಲ್ಲಾ ಬನ್ನಿ."

ಗೋಡೆಯಿಲ್ಲದ ಮನೆಗೆ ಒಳಗೇನು, ಹೊರಗೇನು. ಎಲ್ಲರೂ ಸುತ್ತ ನಿಂತೆವು. ಅಜ್ಜಿ ನನ್ನ ತೋಳು ಹಿಡಿದು ಎದ್ದು ಕೂತಳು.

"ಬರಕೊಳಪ್ಪ. ನಾನು ಹೇಳ್ತೀನಿ."

"ಅವ್ವಾ!" ಎಂದು ಮಾವ ಕಿರುಚಿದ. "ಹೇಳಬಾರದು!"

"ಬದುಕಿರೋರು ಹೇಳಬಾರದು. ನಾನು ಐದು ಗುರುವಾರದ ಹಿಂದೆಯೇ ಸಾಯಬೇಕಿತ್ತು. ಆ ಲೆಕ್ಕದಲ್ಲಿ ನಾನು ಅವರ ಕಡೆಯೋಳು. ಅವರವರೊಳಗೆ ಹೆಸರು ಹಿಡಿದು ಕರಕೊಳ್ಳಲ್ವೇನ್ಲಾ? ನೀವು ಕಿವಿ ಮುಚ್ಕೊಳ್ಳಿ. ಕೇಳಿಸಿಕೊಂಡರೆ ನನ್ನ ಮೇಲೆ ಹೇಳಬೇಡಿ."

ಮಾವನೇ ಮೊದಲು ಎರಡೂ ಕೈಯಿಂದ ಕಿವಿ ಒತ್ತಿಕೊಂಡು "ಹೂಂಂಂ" ಎಂದು ಮೂಗಿನಲ್ಲಿ ಎಳೆಯತೊಡಗಿದ. ಅವನ ಹಿಂದೆ ಎಲ್ಲರೂ. ಪಕ್ಕದ ಮನೆಯ ನೆನೆಂಗ್ ತನ್ನ ಕೂಸಿನ ಕಿವಿ ಮುಚ್ಚಿದಳು, ಅವಳ ಕಿವಿಯನ್ನು ಅವಳ ಗಂಡ ಮುಚ್ಚಬೇಕಾಯಿತು. ಹೆಂಡತಿಯನ್ನು ನನ್ನ ಮಗ್ಗುಲಿಗೆ ತಳ್ಳಿ, ನನ್ನ ಮೊಣಕೈಯನ್ನು ಅವಳ ಒಂದು ಕಿವಿಗೂ ಬಿದಿರುಕಂಬವನ್ನು ಇನ್ನೊಂದಕ್ಕೂ ಒತ್ತಿ ನಿಲ್ಲಿಸಿ, ತನ್ನ ಕಿವಿಗೆ ಬರೀ ಕೈ ಸಾಲದೆಂದು ಅವನು ಓಡಿಹೋಗಿ ಹೊಳೆಗೆ ಹಾರಿ ಮುಳುಗಿದ. ಆಗಾಗ ತಲೆ ಎತ್ತಿ ನಮ್ಮ ಕಡೆ ನೋಡುವುದು, ಇನ್ನೂ ಮುಗಿದಿಲ್ಲ ಎಂದು ಮತ್ತೆ ಮುಳುಗುವುದು. ಬಾಲ್ಬುವೆನಾ ಸಾರ್ ಬೆವರುತ್ತಾ ಸುತ್ತ ನೋಡಿದರು. ಇದೇನೋ ಪೂಜೆ ಎಂದುಕೊಂಡು ಹದಿನೇಳನೆಯ ಪ್ರಶ್ನೆಯ "ಆಚರಣೆಗಳು" ಎಂಬುದಕ್ಕೂ ಗುರುತು ಹಾಕಿದರು. ಅದನ್ನು ಆಮೇಲೆ ನಾವು ನೋಡಿದೆವು.

ಅಜ್ಜಿ ಬೆರಳು ಮಡಚುತ್ತಾ ಹೇಳಿದಳು. ನನಗೆ ಅವಳ ತುಟಿ ಆಡುವುದು ಮಾತ್ರ ಕಾಣುತ್ತಿತ್ತು. ಕಿವಿಯೊಳಗೆ ನನ್ನದೇ ರಕ್ತದ ಸದ್ದು. ಒಂದು ಬೆರಳು, ಕೈ ಕೆಳದಂಡೆಯ ಕಡೆ ಹೋಯಿತು. ಎರಡು, ಗುಡ್ಡದ ಆಚೆ. ಮೂರು, ಸಮುದ್ರದ ಕಡೆ. ನಾಲ್ಕನೆಯ ಬೆರಳು ಮಡಚುವಾಗ ಅವಳು ಆಫೀಸರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ತುಟಿ ಎರಡು ಸಲ ತೆರೆದು ಮುಚ್ಚಿತು. ಅಷ್ಟೇ.

ನಾನು ಕೈ ತೆಗೆಯಲಿಲ್ಲ. ಹೆದರಿಕೆ. ಬುದ್ಧಿ ಬಂದಾಗಿನಿಂದ ಕಾದ ಹೆಸರು ಒಂದು ಮೊಳ ದೂರದಲ್ಲಿ ಗಾಳಿಗೆ ಬಿದ್ದು ಹೋಯಿತು, ನಾನು ಹೂಂ ಎನ್ನುತ್ತಾ ನಿಂತಿದ್ದೆ.

ಎಲ್ಲ ಸೇರಿ ಹದಿನೇಳು ಹೆಸರು. ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಕೈಯಾಡಿಸಿ ಸನ್ನೆ ಮಾಡಿದಾಗ ನಾವು ಕಿವಿ ಬಿಟ್ಟೆವು.

"ಮುಗೀತೇನಪ್ಪ?"

"ಮುಗೀತು ಅಜ್ಜಿ."

"ಸರಿ ಹಂಗಾದ್ರೆ, ಹೊರಡು. ನನಗೆ ಕೆಲ್ಸ ಅದೆ" ಎಂದು ಅಜ್ಜಿ ಒಲೆಯ ಕಡೆ ಮುಖ ಮಾಡಿ ಮಲಗಿದಳು. ಆಫೀಸರು ಹೊಳೆಯಂಚು ಮುಟ್ಟುವಷ್ಟರಲ್ಲಿ ಅವಳ ಕೆಲಸ ಮುಗಿದಿತ್ತು.

ಅವರು ಛತ್ರಿ ಮರೆತಿದ್ದರು. ಅರ್ಧ ದಾರಿಯಿಂದ ತಿರುಗಿ ಬರುವ ಹೊತ್ತಿಗೆ ನಾವು ಅಜ್ಜಿಯನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಮಣ್ಣು ಮಾಡಿ, ಒಲೆಗಳನ್ನೆಲ್ಲ ಆರಿಸಿ, ಮಡಿಕೆ ಚಾಪೆ ಕಟ್ಟಿಕೊಂಡು ಸಾಲಾಗಿ ನಿಂತಿದ್ದೆವು.

"ಎಲ್ಲಿಗೆ ಹೊರಟ್ರಿ?" ಅಂದರು ಅವರು. "ನೀವು ಇಲ್ಲೇ ಇದ್ದೀರಿ ಅಂತ ಈಗ ತಾನೆ ಬರೆದಿದೀನಲ್ರೀ!"

"ಒಬ್ಬರು ಹೋಗ್ಬಿಟ್ರು ಸ್ವಾಮಿ" ಅಂದ ಮಾವ.

"ಯಾರು?"

ಯಾರೂ ಬಾಯಿ ಬಿಡಲಿಲ್ಲ. ಅವರು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಅಜ್ಜಿಯ ಮುಖ ಇಲ್ಲವೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಟೋಪಿ ತೆಗೆದರು. ಫಾರಂ ಹೊರಗೆಳೆದು ನೋಡಿದರು, ಮತ್ತೆ ಒಳಗಿಟ್ಟರು. ಯಾರು ಹೋದರೆಂದು ನಾವು ಹೇಳದಿದ್ದರೆ ಅವರೂ ಬರೆಯುವ ಹಾಗಿರಲಿಲ್ಲ. ಛತ್ರಿಯನ್ನು ತೆಗೆದುಕೊಂಡು ನಮ್ಮ ಜೊತೆ ಹೊಳೆಯವರೆಗೂ ನಡೆದು ಬಂದರು. ನೆನೆಂಗಳ ಮಡಿಕೆ ಕಾಲುದಾರಿಯುದ್ದಕ್ಕೂ ಅವರ ಕೈಯಲ್ಲೇ ಇತ್ತು.

ಎರಡು ತಿಂಗಳ ಮೇಲೆ ಪೇಟೆಯ ಕಚೇರಿಯಿಂದ ಕರೆ ಬಂತು. ನಾವಾಗ ಒಂದು ಹಗಲಿನ ದಾರಿ ಮೇಲಕ್ಕೆ, ಹೊಳೆಯ ಇನ್ನೊಂದು ತಿರುವಿನಲ್ಲಿದ್ದೆವು. ಬಿಟ್ಟುಬಂದ ಹನ್ನೊಂದು ಮನೆಗಳ ಸುತ್ತಿನ ಪೆನ್ಸಿಲ್ ಸುತ್ತನ್ನು ಕಟ್ಟಿಕೊಂಡು ನಾವೇನು ಮಾಡಬೇಕು? ಅಲ್ಲಿಗೆ ನಾವು ಕಾಲಿಡುವಂತಿಲ್ಲ.

ಬಾಲ್ಬುವೆನಾ ಸಾರ್ ಮೇಜಿನ ಮೇಲೆ ನಕ್ಷೆ ಹಾಸಿದರು. ಸಣ್ಣ ಸುತ್ತು ಅಳಿಸಿತ್ತು. ಹದಿನೇಳು ಕೆಂಪು ಚುಕ್ಕಿ, ಅವುಗಳನ್ನೆಲ್ಲ ಸೇರಿಸಿ ಒಂದು ದೊಡ್ಡ ಗೆರೆ. ಗುಡ್ಡ, ಅದರಾಚೆಯ ಗುಡ್ಡ, ಎರಡು ಹೊಳೆ, ಸಮುದ್ರದ ದಂಡೆ. ನಮ್ಮ ಹೊಸ ತಿರುವು ಅದರ ನಟ್ಟನಡುವೆ ಇತ್ತು. ಒಂದು ಚುಕ್ಕಿ ರೆಸಾರ್ಟಿನ ಈಜುಕೊಳದ ಪಕ್ಕದಲ್ಲೇ ಕೂತಿತ್ತು.

"ಇಷ್ಟು ದೂರಕ್ಕೆ ಯಾಕಜ್ಜಿ, ಮೂರು ಸಾಕು ಅಂದೆ ನಾನು ಅವತ್ತು" ಅಂದರು ಅವರು. "ಅವರು ಏನಂದ್ರು ಗೊತ್ತಾ? 'ಸಾವಾದಾಗಲೆಲ್ಲ ಎದ್ದು ಹೋಗೋ ಜನ ಕಣಪ್ಪ. ಹನ್ನೊಂದು ಮನೆ ಸುತ್ತ ಗೆರೆ ಎಳೆದ್ರೆ, ಇವತ್ತು ನಾನು ಸತ್ತ ಮೇಲೆ ಇವು ಎಲ್ಲಿಗೆ ಹೋಗ್ತವೆ?' ಅಂದ್ರು."

ಮಾವ ಗೋಡೆಯ ಕಡೆ ತಿರುಗಿಕೊಂಡ. ಐದು ವಾರ ನಾವು ಅವಳನ್ನು ಹಿಡಿದಿಟ್ಟಿದ್ದೇವೆಂದುಕೊಂಡಿದ್ದೆವು. ಅವಳು ಆ ಐದು ವಾರ ಹೊಳೆಯ ಕಡೆ ತಿರುಗಿ ಮಲಗಿ ಹೆಸರುಗಳನ್ನು ಸಾಲಾಗಿ ಜೋಡಿಸಿಕೊಳ್ಳುತ್ತಿದ್ದಳು.

"ಇನ್ನೊಂದೇ ಕೆಲಸ ಬಾಕಿ" ಅಂದರು ಸಾರ್, ನಮ್ಮ ಮುಖ ತಪ್ಪಿಸುತ್ತಾ. "ಈ ಹೆಸರುಗಳನ್ನ ನಿಮ್ಮೆದುರು ಗಟ್ಟಿಯಾಗಿ ಓದಬೇಕು. ನಿಯಮ. ನೀವು ಕೇಳಿಸ್ಕೊಳ್ಳಬೇಕು ಅಂತ ನಿಯಮದಲ್ಲಿ ಇಲ್ಲ. ನಾನು ನೋಡಿದೀನಿ."

ಹಾಗೆ ಆ ಕಚೇರಿಯಲ್ಲಿ, ಫ್ಯಾನಿನ ಕೆಳಗೆ, ಗುಮಾಸ್ತರೆಲ್ಲ ಬರೆಯುವುದನ್ನು ಬಿಟ್ಟು ನೋಡುತ್ತಿರುವಾಗ, ನಾವು ಎಂಟು ಜನ ಸಾಲಾಗಿ ನಿಂತು ಕಿವಿ ಮುಚ್ಚಿಕೊಂಡೆವು. ಹೂಂಂಂ ಎಂದು ಶುರು ಮಾಡಿದೆವು. ಬಾಲ್ಬುವೆನಾ ಸಾರ್ ಶಾಲೆಯಲ್ಲಿ ಹಾಜರಿ ಕರೆಯುವವರಂತೆ ಓದತೊಡಗಿದರು, ಪ್ರತಿ ಹೆಸರಿಗೂ ಒಂದು ಬೆರಳು ಮೇಜಿನ ಮೇಲೆ ಇಡುತ್ತಾ. ಒಂದು. ಎರಡು. ಮೂರು.

ನನಗೆ ಹೆದರಿಕೆ ಅವತ್ತಿನಷ್ಟೇ ಇತ್ತು. ಹೆಸರು ಕೇಳಿಸಿಕೊಂಡರೆ ಅಮ್ಮ ತಿರುಗಿ ಬಂದು ಪಕ್ಕದಲ್ಲಿ ಕೂರುತ್ತಾಳೆ, ಕೂತರೆ ಏಳುವುದಿಲ್ಲ ಎಂದು ನಮಗೆ ಹೇಳಿಕೊಟ್ಟಿದ್ದಾರೆ. ಕೂರಲಿ ಎಂದುಕೊಂಡೆ. ನಾಲ್ಕನೆಯ ಬೆರಳು ಮೇಜಿಗೆ ತಾಗುವ ಮೊದಲು ನಾನು ಹೂಂ ಎನ್ನುವುದನ್ನು ನಿಲ್ಲಿಸಿ, ಕಿವಿಯ ಮೇಲಿನ ಬೆರಳುಗಳನ್ನು ಸ್ವಲ್ಪ ಅಗಲಿಸಿದೆ.

ಎರಡೇ ಅಕ್ಷರದ ಹೆಸರು. ಅದನ್ನು ನಿಮಗೆ ಹೇಳುವುದಿಲ್ಲ, ಅಜ್ಜಿಯದನ್ನೂ ಹೇಳಿಲ್ಲ ನೋಡಿ. ಬೇಕಾದರೆ ಕಚೇರಿಯ ಬೀರುವಿನಲ್ಲಿದೆ. ವಾಪಸ್ಸು ಹೊರಟಾಗ ಮಾವ ಎಂದಿನಂತೆ ಸುತ್ತುದಾರಿ ಹಿಡಿದ. ನಾನು ಎಲ್ಲರಿಗಿಂತ ಹಿಂದೆ ಉಳಿದು, ಪಕ್ಕದಲ್ಲಿ ಇನ್ನೊಬ್ಬರು ನಡೆಯುವಷ್ಟು ಜಾಗ ಬಿಟ್ಟು ನಡೆದೆ.